ಅಣ್ಣುವಿನ ದೋಣಿಯ ಹಗ್ಗ

ಇದು ಎಲ್ಲಿಂದಲೋ ತೇಲಿಬಂದ ಸುದ್ದಿ ಅಲ್ಲ. ನನ್ನ ಚಿಕ್ಕಮ್ಮ ಬೀಪಾತುಮ್ಮನ ಮಗ ಶಮೀರನಿಗೆ ಆದದ್ದು. ವರಸೆಯಲ್ಲಿ ತಮ್ಮನಾದರೂ ವಯಸ್ಸಿನಲ್ಲಿ ಬಹಳ ಚಿಕ್ಕವನು, ನನ್ನನ್ನು ಕಾಕ ಎಂದೇ ಕರೆಯುವುದು. ಕೊನೆಯ ಸ್ವಲ್ಪ ಭಾಗ ನಾನೇ ಕಂಡದ್ದು. ಕಾಪುವಿನಲ್ಲಿ ಹಗ್ಗ, ಟಾರ್ಪಾಲು, ಬಲೆಯ ನೂಲು ಮಾರಿ ಗಡ್ಡ ಬೆಳ್ಳಗೆ ಮಾಡಿಕೊಂಡವನು ನಾನು. ಯಾರು ಎಂತ ಹೇಳಿದರೂ ಮೊದಲು ನಂಬುವ ಅಭ್ಯಾಸ ನನಗಿಲ್ಲ.

ಎರಡು ಸಾವಿರದ ಮೂರನೇ ಇಸವಿ ಇರಬೇಕು, ಚಳಿಗಾಲ. ಅಂಗಡಿಯ ಶಟರ್ ಎಳೆದು ನಾನೂ ಶಮೀರನೂ ಮನೆಗೆ ನಡೆದು ಹೊರಟಿದ್ದೆವು. ಕರೆಂಟು ಇರಲಿಲ್ಲ. ದಾರಿಯಲ್ಲಿ ಒಂದು ಬಾವಿ ಉಂಟು. ಅದರ ಹತ್ತಿರ ಬರುವಾಗ ರಾಟೆಯ ಸದ್ದು. ಕಿರ್ರ್... ನಿಂತಿತು. ಮತ್ತೆ ಕಿರ್ರ್...

ಟಾರ್ಚು ಹಾಕಿದೆ. ಬಾವಿಕಟ್ಟೆಯ ಮೇಲೆ ಹನುಮಪ್ಪ ಕೂತಿದ್ದ. ಬಾಗಲಕೋಟೆ ಕಡೆಯವನು. ನಮ್ಮೂರಿಗೆ ಬಂದು ಬಾವಿ ತೋಡುವ, ಬಾವಿಯ ಕೆಸರು ತೆಗೆಯುವ ಕೆಲಸ ಮಾಡಿಕೊಂಡಿದ್ದ. ಶಮೀರನ ದೋಸ್ತಿ. ಎಂತಹ ಕತ್ತಲ ಬಾವಿಗಾದರೂ ಬೀಡಿ ಕಚ್ಚಿಕೊಂಡು ಇಳಿಯುವ ಆಳು. ಈಗ ಹಗ್ಗವನ್ನು ಅಂಗೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಕಿವಿಗೊಟ್ಟು ಕೂತಿದ್ದ.

"ಎಂತ ಹನುಮಪ್ಪ, ಈ ಹೊತ್ತಿಗೆ ನೀರು ಸೇದುವುದಾ?"

ಅವನು ಬೆರಳನ್ನು ತುಟಿಗೆ ಇಟ್ಟ. "ಸುಮ್ಕಿರ್ರಿ ಸಾವ್ಕಾರ್ರ... ಇಲ್ಲೂ ಜಗ್ಗತೈತೇನು ನೋಡಾಕತ್ತೀನಿ."

"ಯಾರು ಜಗ್ಗುವುದು?"

ಅವನು ಶಮೀರನ ಮುಖ ನೋಡಿದ. "ಹೇಳಿಲ್ಲೇನು ಇವ್ರಿಗೆ?"

"ಬನ್ನಿ ಕಾಕ, ಹೋಗುವ," ಎಂದು ಶಮೀರ ನನ್ನ ತೋಳು ಹಿಡಿದು ಎಳೆದ. ಮಾಲಿನಲ್ಲಿ ದೋಷ ಇರುವವನು ಗಿರಾಕಿಯನ್ನು ಹೀಗೆಯೇ ಬೇರೆ ಕಡೆಗೆ ತಿರುಗಿಸುವುದು. ನಾನು ಅಲ್ಲಿಯೇ ನಿಂತೆ. "ಹೇಳು. ಹೇಳದೆ ಒಂದು ಹೆಜ್ಜೆ ಇಡುವವನಲ್ಲ."

ಹೇಳಿದ... ಪಿಸುಮಾತಿನಲ್ಲಿ.

ಅದಕ್ಕೆ ಮೊದಲು ಅವನ ಕಷ್ಟ ಎಂತದು ಎಂದು ನಿಮಗೆ ಗೊತ್ತಿರಬೇಕು. ಶಮೀರ ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದವನು. ಅಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಬೆನ್ನು ಹೋಗಿತ್ತು. ಮೊದಲ ಮಗುವನ್ನು ಹುಟ್ಟಿ ವರ್ಷವಾದ ಮೇಲೆ ನೋಡಿದ್ದ. ಈಗ ಹೆಂಡತಿ ಉಮೈರಾ ಮತ್ತೆ ಬಸುರಿ. ಒಂದು ದೋಣಿ ಕೊಂಡು, ಮಣಿಪಾಲದ ಕಾಲೇಜು ಮಕ್ಕಳನ್ನು ಸಮುದ್ರದಲ್ಲಿ ಸುತ್ತಾಡಿಸಿ, ಇಲ್ಲೇ ಬದುಕಬೇಕೆಂದು ಅವನ ಆಸೆ. ರಜೆ ಮುಗಿಯುವುದರೊಳಗೆ ದೋಣಿ ಆಗದಿದ್ದರೆ ವಿಮಾನ ಹತ್ತಲೇಬೇಕು.

ಪಕ್ಕದ ಊರು ಮಟ್ಟುವಿನ ಅಣ್ಣು ಎಂಬವನು ಫೈಬರ್ ದೋಣಿಯೊಂದನ್ನು ಮಾರುತ್ತಾನೆಂದು ಸುದ್ದಿ ಬಂತು. ಹೊಸತರ ಹಾಗೇ ಉಂಟು, ಎಂಜಿನ್ ಒಳ್ಳೆಯದು. ಆದರೂ ಅರ್ಧ ಬೆಲೆಗೆ ಕೊಡುತ್ತಾನೆ. ಅದೂ ಮೀನಿನ ಸೀಸನ್ನಿನಲ್ಲಿ! ನನಗೆ ಅಲ್ಲಿಯೇ ವಾಸನೆ ಹೊಡೆಯಿತು. "ಓಡುವಾಗ ಎಲ್ಲ ದೋಣಿಯೂ ಚಂದವೇ ಮಾರಾಯ," ಎಂದೆ. "ದೋಸ್ತಿಗಳನ್ನು ಕರೆದುಕೊಂಡು ಹೋಗು. ಲಂಗರು ಹಾಕಿ ಸಂಜೆಯವರೆಗೆ ನಿಲ್ಲಿಸು. ಎಲ್ಲಿ ಸೋರುತ್ತದೆ ಎಂದು ಆಗ ಗೊತ್ತಾಗುತ್ತದೆ."

ಹಾಗೆ ಹೊರಟವರು ಶಮೀರ, ಹನುಮಪ್ಪ, ಉಡುಪಿಯಲ್ಲಿ ಬೇಕರಿ ಇಟ್ಟಿರುವ ಸ್ಟ್ಯಾನಿಸ್ಲಾಸ್. ದೋಣಿ ನಡೆಸುವುದಕ್ಕೆ ಅಣ್ಣುವೇ. ಮಟ್ಟುವಿನ ಅಳಿವೆ ದಾಟಿ, ಕಾಪುವಿನ ದೀಪಸ್ತಂಭ ಎಡಕ್ಕೆ ಕಾಣುವಷ್ಟು ದೂರ ಹೋದರಂತೆ. ಸಮುದ್ರ ಹಾಸಿದ ಚಾಪೆಯ ಹಾಗೆ ಇತ್ತಂತೆ. ಸ್ಟ್ಯಾನಿ ಪಫ್ಸು, ಸೋಡಾ ತಂದಿದ್ದ. ಹನುಮಪ್ಪನಿಗೆ ಸಮುದ್ರ ಮೊದಲನೇ ಸಲ. ಕಣ್ಣು ಮುಚ್ಚಿ ಮುಂದಿನ ತುದಿಯಲ್ಲಿ ಮುದುಡಿ ಕೂತಿದ್ದ.

"ಎಂತ ಹನುಮಪ್ಪಣ್ಣ," ಸ್ಟ್ಯಾನಿ ಕೆಣಕಿದ, "ಬಾವಿಯಲ್ಲೂ ನೀರೇ, ಇಲ್ಲೂ ನೀರೇ. ಎಂತ ವ್ಯತ್ಯಾಸ?"

"ಬಾವ್ಯಾಗ ನೆಲ ಕುಣಿಯೂದಿಲ್ಲೋ ತಮ್ಮಾ!"

ಎಲ್ಲರೂ ನಕ್ಕರು. ಅಣ್ಣು ನಗಲಿಲ್ಲ. ಲಂಗರು ಹಾಕು ಎಂದರೆ ಅವನು, "ಹೀಗೇ ತೇಲುತ್ತಾ ಗಾಳ ಹಾಕಿದರೆ ಸಾಲದಾ?" ಎಂದ. "ಇಲ್ಲ, ನಮ್ಮ ಕಾಕ ಹೇಳಿದ್ದಾರೆ," ಎಂದು ಶಮೀರ ಪಟ್ಟು ಹಿಡಿದ. ಅಣ್ಣು ಲಂಗರು ಇಳಿಸಿದ. ಎಂಜಿನ್ ಪಕ್ಕದಲ್ಲಿ, ಹಗ್ಗಕ್ಕೆ ಬೆನ್ನು ಹಾಕಿ ಕೂತ.

ಮೀನು ಚೆನ್ನಾಗಿಯೇ ಕಚ್ಚಿತಂತೆ. ಶಮೀರನಿಗೆ ಎರಡು ಒಳ್ಳೆಯ ಕಾಣೆ ಮೀನು ಸಿಕ್ಕಿದವು. ಬಿಸಿಲು ಇಳಿಯಿತು. ದೋಣಿಯ ಬುಡ ಮುಟ್ಟಿ ನೋಡಿದ, ಒಣಗಿತ್ತು. ಮನಸ್ಸಿನಲ್ಲೇ ದೋಣಿಗೆ ಹೆಸರು ಕೂಡ ಇಟ್ಟಾಗಿತ್ತಂತೆ.

ಆಗ...

ಟಕ್... ಟಕ್.

ಲಂಗರಿನ ಹಗ್ಗ ಎರಡು ಸಲ ಬಿಗಿದು ಸಡಿಲವಾಯಿತು. ಹಗ್ಗ ಹನುಮಪ್ಪನ ಕೈಯಲ್ಲಿತ್ತು. ಆ ದೋಣಿಯಲ್ಲಿ ಅವನಿಗೆ ಗುರುತಿನ ವಸ್ತು ಎಂದರೆ ಅದೊಂದೇ ಅಲ್ವಾ, ಹಿಡಿದುಕೊಂಡು ಕೂತಿದ್ದ. ಕಣ್ಣು ಮುಚ್ಚಿದ್ದವನು, ತೆರೆಯದೆಯೇ, ಹಗ್ಗವನ್ನು ಒಮ್ಮೆ ಎಳೆದ.

"ಎಂತ ಮಾಡಿದಿ?" ಶಮೀರ ಕೇಳಿದ.

"ಏನಿಲ್ಲಪಾ, ರೂಢಿ. ಬಾವ್ಯಾಗ ಇಳಿದಾಂವ ಎರಡು ಸರ್ತಿ ಜಗ್ಗಿದ್ರ, 'ಮ್ಯಾಲೆ ಅದೀಯೇನು' ಅಂದಂಗ. ಮ್ಯಾಲಿದ್ದಾಂವ ಒಮ್ಮೆ ಜಗ್ಗಬೇಕು, 'ಅದೀನಿ' ಅಂತ. ಇಲ್ಲಂದ್ರ ಕೆಳಗಿನಾಂವ ಎದಿ ಒಡ್ಕೋತಾನ..." ಹೇಳುತ್ತಾ ಹೇಳುತ್ತಾ ಕಣ್ಣು ತೆರೆದ. ನೀರು ನೋಡಿದ.

ಹಿಂದಿನಿಂದ ಅಣ್ಣು ಎದ್ದು ಬಂದ. ಬಹಳ ಮೆಲ್ಲಗೆ ಕೇಳಿದ, "ತಿರುಗಿ ಎಳೆದಿರಾ?"

ಅದಕ್ಕೆ ಉತ್ತರ ಹಗ್ಗ ಕೊಟ್ಟಿತು. ಟಕ್ ಟಕ್ ಟಕ್ ಟಕ್... ಬಿಡುವೇ ಇಲ್ಲ. ದೋಣಿಯ ಅಂಚಿಗೆ ಉಜ್ಜಿ ಕಿರ್ರ್ ಎಂದಿತು. ದೋಣಿಯ ಮೂತಿ ಒಂದು ಗೇಣು ಕೆಳಗೆ ಬಗ್ಗಿತು.

"ಇದಕ್ಕೆ ಎಂತ ಅರ್ಥ?" ಸ್ಟ್ಯಾನಿ ಕೇಳಿದ.

"ಮ್ಯಾಲೆ ಎತ್ತು ಅಂತ," ಎಂದ ಹನುಮಪ್ಪ. ಎದ್ದು ನಿಂತು ಹಗ್ಗ ಸೇದತೊಡಗಿದ. ಬಾವಿಯವರ ಹಾಗೆ, ಕೈಮೇಲೆ ಕೈ. ಶಮೀರ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದ. ಅವನು ಕೊಡವಿ ಹಾಕಿದ. "ಬಿಡೋ! ಕೆಳಗ ಮನಷ್ಯಾ ಅದಾನ!"

ಅಣ್ಣು ಹಗ್ಗಕ್ಕೆ ಮೀನಿನ ಕತ್ತಿ ಹಾಕಿದ. ಒಂದೇ ಏಟು. ತುಂಡಾದ ಹಗ್ಗ ನೀರ ಮೇಲೆ ತೇಲಬೇಕಿತ್ತು. ತೇಲಲಿಲ್ಲ. ಸರಕ್ಕನೆ ಒಳಗೆ ಹೋಯಿತು, ಕೆಳಗಿನಿಂದ ಯಾರೋ ಸುತ್ತಿಕೊಳ್ಳುತ್ತಿದ್ದ ಹಾಗೆ.

ಬಾವಿಕಟ್ಟೆಯ ಹತ್ತಿರ ಇಷ್ಟು ಹೇಳಿದ ಶಮೀರ ಆಮೇಲೆ ನನಗೆ ಆಶ್ಚರ್ಯವಾಗುವ ಮಾತು ಆಡಿದ. "ಆದರೆ ದೋಣಿ ಸೋರಲಿಲ್ಲ ಕಾಕ. ಒಂದು ಹನಿ ಇಲ್ಲ. ನೀವು ಒಮ್ಮೆ ನೋಡಿ ಬನ್ನಿ. ನೀವು ಆಗಬಹುದು ಅಂದರೆ ನಾನು ಕೊಳ್ಳುತ್ತೇನೆ."

ನಾನು ನಂಬಲಿಲ್ಲ. ಇದರಲ್ಲಿ ಯಾರಿಗೆ ಲಾಭ ಎಂದು ಯೋಚಿಸಿದೆ. ಸ್ಟ್ಯಾನಿಗೂ ದೋಣಿಯ ಮೇಲೆ ಕಣ್ಣು ಇದ್ದಿರಬಹುದು. ಹೆದರಿಸಿ ಓಡಿಸಿದರೆ ಬೆಲೆ ಇನ್ನೂ ಇಳಿಯುತ್ತದೆ. ಉಡುಪಿಗೆ ಹೋಗಿ ಬೇಕರಿಯಲ್ಲಿ ಕೂತು, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. ಅವನು ಹೇಳಿದ್ದೂ ಅದೇ, ಮಾತಿಗೆ ಮಾತು. "ದೋಣಿ ನೀನೇ ತೆಗೆದುಕೊಳ್ಳುತ್ತೀಯಾ?" ಎಂದೆ. "ಪುಕ್ಕಟೆ ಕೊಟ್ಟರೂ ಬೇಡ ಸಾಹೇಬ್ರೆ," ಎಂದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಮಟ್ಟುವಿಗೆ ಹೋದೆ. ಹಗಲು ಹೊತ್ತು. ಅಣ್ಣು ಅಂಗಳದಲ್ಲಿ ಬಲೆ ಹಿಡಿದು ಕೂತಿದ್ದ.

"ಆ ದೋಣಿಯಲ್ಲಿ ಸತ್ತವನು ಯಾರು?" ನೇರವಾಗಿಯೇ ಕೇಳಿದೆ.

"ಯಾರೂ ಸಾಯಲಿಲ್ಲ ಸಾಹೇಬ್ರೆ. ಹೊಸತೇ ತೆಗೆದದ್ದು. ಮಲ್ಪೆಯಲ್ಲಿ ಕೇಳಿ ನೋಡಿ." ಆಮೇಲೆ ಕೇಳಿಯೂ ನೋಡಿದೆ, ಅವನು ಹೇಳಿದ್ದು ನಿಜ.

"ಮತ್ತೆ ಎಳೆಯುವುದು ಯಾರು?"

"ನನಗೆ ಗೊತ್ತುಂಟಾ? ಎಲ್ಲಿ ಲಂಗರು ಹಾಕಿದರೂ ಎರಡು ಸಲ ಎಳೆಯುತ್ತದೆ. ಮತ್ತೆ ಸುಮ್ಮನೆ. ನಾನು ಒಂದು ದಿನವೂ ತಿರುಗಿ ಎಳೆದವನಲ್ಲ. ಹಗ್ಗದ ದೋಷ ಇರಬಹುದು ಎಂದು ಹಗ್ಗ ಬದಲಿಸುತ್ತಲೇ ಬಂದೆ. ನಿಮ್ಮ ಅಂಗಡಿಯದ್ದೇ ಅಲ್ವಾ?"

ಹೌದು. ಮಳೆಗಾಲ ಕಳೆದ ಮೇಲೆ ಇವನು ಮತ್ತೆ ಮತ್ತೆ ಬಂದು ಹೊಸ ಹಗ್ಗ ಒಯ್ದಿದ್ದ. ಒಳ್ಳೆಯ ಗಿರಾಕಿ ಎಂದುಕೊಂಡಿದ್ದೆ.

"ಶಮೀರನಿಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀವು ಕೊಳ್ಳುತ್ತಿದ್ದಿರಾ?"

ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ.

ದೋಣಿ ನೋಡಿದೆ. ಹಗ್ಗ ಕತ್ತರಿಸಿದ ಆ ಸಂಜೆಯಿಂದ ಅದು ತೆಂಗಿನ ಮರಗಳ ನಡುವೆ, ಅಲೆ ತಾಗದ ಒಣ ಮರಳಿನ ಮೇಲೆ ಬಿದ್ದಿತ್ತು. ಬಡಿದು ನೋಡಿದೆ, ಗಟ್ಟಿ ಸದ್ದು. ಒಂದು ಬಿರುಕಿಲ್ಲ. ಲಂಗರೇ ಹಾಕದೆ, ಜನ ಸುತ್ತಾಡಿಸಿ ದಡಕ್ಕೆ ಎಳೆದರಾಯಿತು ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿದೆ. ಬೆಲೆ ಇನ್ನೂ ಇಳಿಸಬಹುದಿತ್ತು. ಬಾಯಿ ತೆರೆಯುವ ಮೊದಲು ಒಮ್ಮೆ ಮೂತಿಯ ಕಡೆ ಹೋದೆ...

ಮನೆಗೆ ಬಂದು ಶಮೀರನಿಗೆ, "ಟಿಕೆಟ್ ಮಾಡಿಸು," ಎಂದೆ.

"ಎಂತ ಕಂಡಿತು ಕಾಕ?"

"ಎಂತದೂ ಇಲ್ಲ. ಎಂಜಿನ್ ಸರಿ ಇಲ್ಲ."

ಅವನು ನನ್ನ ಮುಖ ನೋಡಿದ. ಮರುದಿನವೇ ಟಿಕೆಟ್ ಮಾಡಿಸಿದ. ಎರಡನೇ ಮಗು ಹುಟ್ಟಿದ ಸುದ್ದಿಯೂ ಅವನಿಗೆ ದಮ್ಮಾಮಿಗೆ ಫೋನಿನಲ್ಲಿಯೇ ಹೋಯಿತು. ಬೀಪಾತುಮ್ಮ ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಬಿಡಲಿ.

ನಾನು ಕಂಡದ್ದು ಇಷ್ಟೇ. ಕತ್ತರಿಸಿ ಉಳಿದ ಹಗ್ಗ ಮೂತಿಯ ಬಳೆಯಿಂದ ನೇತಾಡುತ್ತಿತ್ತು, ಒಂದು ಮೊಳದಷ್ಟು. ನನ್ನ ಅಂಗಡಿಯಿಂದ ಹೋಗಿ ತಿಂಗಳಾಗದ ಪ್ಲಾಸ್ಟಿಕ್ ಹಗ್ಗ. ಅದರ ತುದಿಗೆ ಪಚ್ಚಿಲೆ ಕಟ್ಟಿತ್ತು, ಸಮುದ್ರದೊಳಗಿನ ಬಂಡೆಗೆ ಅಂಟಿ ಬೆಳೆಯುತ್ತದಲ್ಲ, ಆ ಹಸಿರು ಚಿಪ್ಪು. ಹೆಬ್ಬೆರಳಿನಷ್ಟು ದೊಡ್ಡದು, ಗೊಂಚಲು ಗೊಂಚಲು. ಅಷ್ಟು ಬೆಳೆಯಬೇಕಾದರೆ ನೀರಿನಲ್ಲಿ ತಿಂಗಳುಗಟ್ಟಲೆ ಬೇಕು. ಒಣಗಿದ ಖಾಲಿ ಚಿಪ್ಪು ಇರಬೇಕು, ಅಣ್ಣು ತಂದು ಅಂಟಿಸಿದ್ದಾನೆ ಎಂದು ಮುಟ್ಟಿ ನೋಡಿದೆ. ಮಾಲು ತಾಜಾವೋ ಹಳತೋ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಳ್ಳು ಹೇಳಿ ನನಗೆ ಒಂದು ಪೈಸೆಯ ಲಾಭವೂ ಇಲ್ಲ. ನನ್ನ ಬೆರಳು ತಾಗಿದ್ದೇ, ತೆರೆದಿದ್ದ ಒಂದು ಚಿಪ್ಪು ಬಾಯಿ ಮುಚ್ಚಿಕೊಂಡಿತು.

ಟಪ್.