ತುಟಿ ಅಲ್ಲಾಡಿಸ್ಬೇಡ, ಶಾರದಾ

...ಅಲ್ಲ ಕಣೆ ಮೀನು, ಕಸ ಗುಡ್ಸಿದ್ರೆ ಕೈ ಏನು ಸವೆದು ಹೋಗುತ್ತಾ? ನಾಟಕ ಕಲೀತೀನಿ ಅಂತ ಜೆಪಿ ನಗರಕ್ಕೆ ಹೋಗ್ತಿದೀಯ, ಮೊದಲು ಹಾಲ್ ಗುಡಿಸು ಅಂದ್ರು ನಿಮ್ಮ ನಾಟಕದ ಮೇಡಂ, ಗುಡಿಸಿದೆ. ಈಗ ಪಾತ್ರ ಕೊಟ್ಟಿದಾರೆ, ಆದ್ರೆ ಮಾತಿಲ್ಲ, ಸುಮ್ನೆ ನಿಂತ್ಕೋಬೇಕು. ಅದಕ್ಕೆ ಮುಖ ಊದಿಸ್ಕೊಂಡು ಬಂದು ನಾಳೆಯಿಂದ ಹೋಗಲ್ಲ ಅಂತೀಯ. ಬಾ, ಇಲ್ಲಿ ಕೂತ್ಕೊ, ಈ ಅವರೆಕಾಳು ಹಿತುಕ್ತಾ ಹಿತುಕ್ತಾ ಕೇಳು. ಚಿರು, ನೀನೂ ಆ ಫೋನ್ ಕೆಳಗಿಡಪ್ಪ, ಅಕ್ಕನ ಜೊತೆ ನೀನೂ ನಾಲ್ಕು ಕಾಳು ಹಿತುಕು. ನಿಮ್ಮಜ್ಜಿ ನಾಟಕದಲ್ಲಿ ಮಾಡ್ತಿದ್ಲು ಅಂತ ಗೊತ್ತು ನಿಮಗೆ. ಹೇಗೆ ಶುರುವಾಯ್ತು ಅಂತ ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ ಬಿಡಿ.

ಆಗ ನಿಮ್ಮಪ್ಪ ಇನ್ನೂ ಅಂಬೆಗಾಲು ಇಡ್ತಿದ್ದ. ಇದೇ ಜಯನಗರ, ಇದೇ ಮನೆ, ಮೇಲಿನ ಮಹಡಿ ಇರ್ಲಿಲ್ಲ ಅಷ್ಟೆ. ನಿಮ್ಮ ತಾತ ಕೆಲಸ ಮಾಡ್ತಿದ್ದ ಕಾರ್ಖಾನೆಗೆ ಬೀಗ ಬಿದ್ದುಬಿಟ್ಟಿತ್ತು. ಇವತ್ತು ತೆಗೀತಾರೆ ನಾಳೆ ತೆಗೀತಾರೆ ಅಂತ ದಿನಾ ಬೆಳಿಗ್ಗೆ ಗೇಟ್ ಹತ್ರ ಹೋಗಿ ಬರ್ತಿದ್ರು. ರೇಷನ್ ಅಕ್ಕಿ, ರಾಗಿ, ಸೀಮೆಎಣ್ಣೆಗೆ ಕ್ಯೂ. ನಾನು ಅಕ್ಕಪಕ್ಕದವರ ಸೀರೆಗೆ ಫಾಲ್ ಹೊಲಿದು ಕೊಡ್ತಿದ್ದೆ. ಹೊಟ್ಟೆಗೆ ತೀರ ಇಲ್ಲ ಅಂತಿರ್ಲಿಲ್ಲ ಅನ್ನಿ, ಸಾರು ನೀರಾಗಿತ್ತು, ಆದ್ರೂ ಸಾರಿತ್ತು. ಕಷ್ಟ ಅದಲ್ಲ. ಕಷ್ಟ ಏನು ಅಂದ್ರೆ, ಆ ವರ್ಷಾನೇ ನಮ್ಮತ್ತೆ ಹೋಗಿಬಿಟ್ಟಿದ್ರು. ಮಾವ, ಅಂದ್ರೆ ನಿಮ್ಮಪ್ಪನ ತಾತ, ಮಾತೇ ನಿಲ್ಲಿಸಿಬಿಟ್ರು. ಊಟಕ್ಕೆ ಬನ್ನಿ ಅಂದ್ರೆ ಬರೋರು, ಸಾಕು ಅಂತ ಕೈ ಅಡ್ಡ ಹಿಡಿಯೋರು, ಎದ್ದು ಹೋಗೋರು. ತಾತ ಕೆಲಸದ ಚಿಂತೇಲಿ ಮೌನ, ಮಾವ ಅತ್ತೆ ಚಿಂತೇಲಿ ಮೌನ. ನಾನು ಮಾತಾಡಿದ್ರೆ ಗೋಡೆಗೆ ಹೇಳಿದ ಹಾಗೆ. ಹುಚ್ಚು ಹಿಡಿಯೋದೊಂದು ಬಾಕಿ ಇತ್ತು ನನಗೆ.

ಅಂಥ ಹೊತ್ತಲ್ಲಿ ಪಕ್ಕದ ರಸ್ತೆ ವಿಮಲಾ ಬಂದು, 'ಶಾರದಾ, ಬನಶಂಕರೀಲಿ ಒಬ್ಬರು ಮೇಷ್ಟ್ರು ನಾಟಕ ಆಡಿಸ್ತಿದಾರೆ, ಹೆಂಗಸರು ಸಿಗ್ತಿಲ್ವಂತೆ, ಬರ್ತೀಯಾ' ಅಂದ್ಲು. ನನ್ನ ಜೀವ ಎದ್ದು ಕೂತ್ಕೊಳ್ತು. ಸ್ಟೇಜ್ ಮೇಲೆ ನಿಂತ್ಕೊಂಡು ನಾನು ಮಾತಾಡ್ತೀನಿ, ಜನ ಸುಮ್ನೆ ಕೂತು ಕೇಳ್ತಾರೆ, ಅದೊಂದೇ ಆಸೆ. ತಾತನ್ನ ಕೇಳಿದೆ, 'ಅಪ್ಪನ್ನ ಕೇಳು' ಅಂದ್ರು. ಮಾವನ್ನ ಕೇಳಿದೆ. ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು. 'ಒಂದೇ ಒಂದು ನಾಟಕ. ನಾನು ಬಂದು ನೋಡ್ತೀನಿ. ನೋಡಿದ್ಮೇಲೆ ಬೇಡ ಅಂದ್ರೆ ಮತ್ತೆ ಆ ಕಡೆ ತಲೆ ಹಾಕ್ಕೂಡದು.' ಎಷ್ಟೋ ತಿಂಗಳಾದ್ಮೇಲೆ ಅವರು ಆಡಿದ ದೊಡ್ಡ ಮಾತು ಅದು. ಹೂಂ ಅಂದೆ.

ಮೇಷ್ಟ್ರು ಸಣ್ಣ ಆಳು, ಧ್ವನಿ ಮಾತ್ರ ಬೀದಿ ಕೊನೇಗೆ ಕೇಳೋದು. ಅವರದೂ ನಿಮ್ಮ ಮೇಡಂದೂ ಒಂದೇ ಪಾಠ ನೋಡು. ಹೇಳಿದ ಹೊತ್ತಿಗಿಂತ ಮುಂಚೆ ಬರ್ಬೇಕು. ಚಪ್ಪಲಿ ಬಾಗಿಲಾಚೆ ಸಾಲಾಗಿ ಬಿಡ್ಬೇಕು. ಬಂದವರೇ ನೆಲ ಗುಡಿಸ್ಬೇಕು, ಹೀರೋ ಆದ್ರೂ ಗುಡಿಸ್ಬೇಕು. 'ಬಿದ್ದು ಹೊರಳೋ ಜಾಗ ರೀ ಇದು, ಮೊಳೆ ಎಲ್ಲಿದೆ ಅಂತ ನಿಮಗೇ ಗೊತ್ತಿರ್ಬೇಕು' ಅನ್ನೋರು. ಇನ್ನೊಬ್ಬರ ಸಾಮಾನು ಮುಟ್ಟೋ ಹಾಗಿಲ್ಲ. ಒಬ್ಬ ನಟ ಕೋಲು ಇಟ್ಟ ಜಾಗದಲ್ಲೇ ಅವನಿಗೆ ಕೋಲು ಸಿಗ್ಬೇಕು, ನೀನು ಚೆಂದ ಕಾಣ್ಲಿ ಅಂತ ಮೂಲೆಗಿಟ್ರೆ ಅವನು ಸ್ಟೇಜ್ ಮೇಲೆ ತಡಕಾಡ್ತಾನೆ. ಬಣ್ಣ ಹಚ್ಕೊಂಡ್ಮೇಲೆ ನೆಂಟರನ್ನ ಮಾತಾಡಿಸೋಕೆ ಹೊರಗೆ ಹೋಗೋ ಹಾಗಿಲ್ಲ. ಪರದೆ ಸಂದಿಯಿಂದ ಜನ ಎಷ್ಟು ಬಂದಿದಾರೆ ಅಂತ ಇಣುಕೋ ಹಾಗಿಲ್ಲ. ಇದೆಲ್ಲ ನನಗೆ ಕಷ್ಟ ಆಗ್ಲಿಲ್ಲ, ಸೊಸೆಯಾಗಿ ಬಂದವಳಿಗೆ ಇದೆಲ್ಲ ಏನು ಮಹಾ.

ನನಗೆ ಕೊಟ್ಟಿದ್ದು ತಂಗಿ ಪಾತ್ರ, ಒಳ್ಳೆ ಮಾತುಗಳಿದ್ವು. ಕಥೆ ಏನು ಅಂದ್ರೆ, ತಾಯಿ ಸತ್ತಿದಾಳೆ, ಜಗಳ ಆಡ್ಕೊಂಡು ಹೋಗಿದ್ದ ದೊಡ್ಡ ಮಗ ಮನೆ ಭಾಗ ಕೇಳೋಕೆ ವಾಪಸ್ ಬರ್ತಾನೆ. ದೊಡ್ಡ ಮಗ ಆಗಿದ್ದು ರಂಗಣ್ಣ ಅಂತ, ಬ್ಯಾಂಕ್ ಗುಮಾಸ್ತ, ಒಳ್ಳೆ ನಟ. ನಾನು ಸೀಮೆಎಣ್ಣೆ ಕ್ಯೂನಲ್ಲಿ, ಫಾಲ್ ಹೊಲೀತಾ, ನಿಮ್ಮಪ್ಪನ್ನ ತೊಡೆ ಮೇಲೆ ತಟ್ತಾ, ಇಡೀ ನಾಟಕ ಬಾಯಿಪಾಠ ಮಾಡ್ಬಿಟ್ಟೆ. ನಂದಷ್ಟೇ ಅಲ್ಲ, ಎಲ್ಲರದ್ದೂ. ಪಾಪ, ನಿಮ್ಮಪ್ಪನಿಗೆ ಜೋಗುಳ ಅಂದ್ರೆ ಆಸ್ತಿ ಜಗಳ. ಪ್ರಾಕ್ಟೀಸಲ್ಲಿ ಎಲ್ರೂ ಭೇಷ್ ಅಂದ್ರು, ನಾನೂ ಉಬ್ಬಿಹೋದೆ. ಮೇಷ್ಟ್ರು ಮಾತ್ರ ಒಂದಿನ ಚಪ್ಪಾಳೆ ತಟ್ಟಿ ನಿಲ್ಲಿಸಿದ್ರು. 'ಶಾರದಾ, ರಂಗಣ್ಣ ಮಾತಾಡ್ವಾಗ ನಿನ್ನ ತುಟಿ ಯಾಕಮ್ಮ ಅಲ್ಲಾಡುತ್ತೆ?' ನನಗೆ ಗೊತ್ತೇ ಇರ್ಲಿಲ್ಲ. ಅವನು ಒಂದೊಂದು ಮಾತು ಆಡಿದ ಹಾಗೂ ನನ್ನ ತುಟೀನೂ ಅದನ್ನೇ ಆಡ್ತಿತ್ತಂತೆ. ಸರಿ ಸಾರ್ ಅಂದೆ. ಮಾರನೇ ದಿನ ಅದೇ, ಅದರ ಮಾರನೇ ದಿನಾನೂ ಅದೇ. ತುಟಿ ಕಚ್ಕೊಂಡೆ, ಆಗ ಗಲ್ಲ ಅಲ್ಲಾಡೋದಂತೆ.

ಆಮೇಲೆ ಮೇಷ್ಟ್ರು ನನ್ನ ಪಾತ್ರ ತೆಗೆದು ವಿಮಲಾಗೆ ಕೊಟ್ಬಿಟ್ರು. ನನಗೆ ಆ ಮನೆ ಕಿರೀ ಸೊಸೆ ಪಾತ್ರ. ಒಂದು ಮಾತಿಲ್ಲ. ಬಾಗಿಲ ಹತ್ರ ನಿಂತಿರ್ಬೇಕು, ಒಂದ್ಸಲ ಭಾವನಿಗೆ ನೀರಿನ ಲೋಟ ಕೊಡ್ಬೇಕು. ನಾನು ಅತ್ತೇಬಿಟ್ಟೆ. 'ಸಾರ್, ನಮ್ಮ ಮಾವ ನೋಡೋಕೆ ಬರ್ತಾರೆ, ಬಾಯಿ ಬಿಡದೆ ನಿಂತಿದ್ರೆ ಇದಕ್ಕಾ ಹೋಗಿದ್ದು ಅಂತ ನಿಲ್ಲಿಸಿಬಿಡ್ತಾರೆ' ಅಂದೆ. ಮೇಷ್ಟ್ರು ಬೈಲಿಲ್ಲ. 'ನೀನು ಬೇರೆಯವರ ಮಾತು ಕೇಳ್ತಾನೇ ಇಲ್ಲಮ್ಮ. ಅದು ಯಾವಾಗ ಮುಗಿಯುತ್ತೆ ಅಂತ ಕಾಯ್ತಿದೀಯ. ಅವನು ಆ ಮಾತು ಈಗ ತಾನೇ ಹುಟ್ಟಿಸ್ತಿದಾನೆ ಅಂದ್ಕೊಂಡು ಕೇಳು' ಅಂದ್ರು. ವಾದ ಮಾಡೋಣ ಅನ್ನಿಸ್ತು, ಮಾಡ್ಲಿಲ್ಲ. ದಾರಿ ಉದ್ದಕ್ಕೂ ಅವರನ್ನ ಬೈಕೊಂಡು ಮನೆಗೆ ಬಂದೆ, ಅದು ಬೇರೆ. ಆದ್ರೆ ಮಾರನೇ ದಿನ ಹೋದೆ, ಗುಡಿಸಿದೆ, ಬಾಗಿಲ ಹತ್ರ ನಿಂತೆ.

ನಿಂತು ನಿಂತು ಏನಾಯ್ತು ಗೊತ್ತಾ, ಕೇಳಿಸೋಕೆ ಶುರುವಾಯ್ತು. ಬರೀ ಮಾತಲ್ಲ. ರಂಗಣ್ಣ ಎಲ್ಲಿ ಉಸಿರು ತಗೋತಾನೆ, ಎಲ್ಲಿ ಅವನ ಧ್ವನಿ ಒಡೆಯುತ್ತೆ. 'ಅಮ್ಮ ಇಲ್ಲೇ ಅಲ್ವಾ ಕೂರ್ತಿದ್ದಿದ್ದು' ಅಂತ ಒಂದು ಮಾತಿತ್ತು, ಅಲ್ಲಿಂದ ಅವನ ಕೋಪ ಕರಗ್ಬೇಕು. ಅದನ್ನ ಆಡೋ ಮುಂಚೆ ಅವನು ಯಾವಾಗ್ಲೂ ಗೋಡೆ ಪಕ್ಕ ಇದ್ದ ಅಮ್ಮನ ಮಣೆ ನೋಡೋನು. ಅಲ್ಲಿಂದ್ಲೇ ಅವನಿಗೆ ಮಾತು ಬರ್ತಿತ್ತು.

ನಾಟಕದ ಸಂಜೆ ಇಲ್ಲೇ ನಮ್ಮ ಬ್ಲಾಕಿನ ಸಮುದಾಯ ಭವನ. ಮಾವ ಬಂದಿದಾರೋ ಇಲ್ವೋ ಗೊತ್ತಿಲ್ಲ, ಇಣುಕೋ ಹಾಗಿಲ್ಲವಲ್ಲ. ಜಗಳದ ಸೀನ್ ಬಂತು. ರಂಗಣ್ಣ ಜೋರಾಗಿ ಕೂಗಾಡಿದ, ಕೂಗಾಡಿ ನಿಲ್ಲಿಸಿದ, ಮುಂದಿನ ಮಾತು ಇಲ್ಲ. ಮರೆತುಹೋಗಿದೆ. ಪರದೆ ಹಿಂದಿನಿಂದ ಪಿಸಪಿಸ ಹೇಳಿಕೊಡ್ತಿದಾರೆ, ಅವನಿಗೆ ಕೇಳಿಸ್ತಿಲ್ಲ, ಮುಖ ಎಲ್ಲ ಬೆವರು. ಮಣೆ ಕಡೆಗೆ ಬೆನ್ನು ಹಾಕಿ ನಿಂತುಬಿಟ್ಟಿದಾನೆ. ಆ ಮಾತು ನನ್ನ ನಾಲಿಗೆ ತುದೀಲಿದೆ ಕಣೆ. ಹೇಳಿಬಿಡ್ಬಹುದಿತ್ತು. ಮಾವನಿಗೂ ನನ್ನ ಧ್ವನಿ ಕೇಳ್ತಿತ್ತು. ಆದ್ರೆ ಅದು ಅವನ ಮಾತು, ಅವನ ಅಮ್ಮ. ನಾನು ಹೇಳಿದ್ರೆ ಆ ಕಿರೀ ಸೊಸೆ ಅಲ್ಲೇ ಸತ್ತುಹೋಗ್ತಿದ್ಲು. ನನ್ನ ಕೈಲಿ ನನ್ನದು ಅಂತ ಇದ್ದಿದ್ದು ನೀರಿನ ಲೋಟ ಒಂದೇ. ಮೆಲ್ಲಗೆ ನಡೆದು ರಂಗಣ್ಣನ ಮುಂದಿನಿಂದ್ಲೇ ಹೋದೆ, ಅವನಿಗೆ ಕೊಡ್ಬೇಕಾಗಿದ್ದ ನೀರನ್ನ ಅಮ್ಮನ ಖಾಲಿ ಮಣೆ ಮುಂದೆ ಇಟ್ಟೆ. ಅಮ್ಮ ಕೂತಿದಾರೆ ಅನ್ನೋ ಹಾಗೆ ಇಟ್ಟು, ಸೆರಗು ಸರಿ ಮಾಡ್ಕೊಂಡು ವಾಪಸ್ ಬಾಗಿಲಿಗೆ ಬಂದೆ. ರಂಗಣ್ಣನ ಕಣ್ಣು ನನ್ನ ಹಿಂದೇನೇ ಬಂತು. ಮಣೆ ನೋಡಿದ, ಲೋಟ ನೋಡಿದ. 'ಅಮ್ಮ ಇಲ್ಲೇ ಅಲ್ವಾ' ಅಂದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಅಂದಿರ್ಲಿಲ್ಲ.

ಪರದೆ ಬಿದ್ಮೇಲೆ ಮೇಷ್ಟ್ರು ಬಂದು, 'ಇನ್ಮೇಲೆ ಲೋಟ ತೊಳೆದಿಡು, ಕಲೆ ಕಾಣ್ತಿತ್ತು' ಅಂದ್ರು, ಅಷ್ಟೇ. ಬಣ್ಣ ಒರೆಸ್ಕೊಂಡು ಹೊರಗೆ ಬಂದ್ರೆ ಗೇಟ್ ಹತ್ರ ಮಾವ ನಿಂತಿದಾರೆ, ಕೈಲಿ ಕೊಡೆ. ನನ್ನ ನೋಡಿದವರೇ ತಿರುಗಿ ನಡೆದ್ರು. ಅವರು ಮುಂದೆ, ನಾನು ಹಿಂದೆ, ನಡ್ಕೊಂಡು ಬಂದ್ವಿ. ಮುಗೀತು ನನ್ನ ನಾಟಕ ಅಂದ್ಕೊಂಡೆ. ಮನೆ ಬಾಗಿಲು ತೆಗೆದ್ರು. ಒಳಗೆ ಬಂದು ಅಡುಗೆಮನೇಲಿ ನಮ್ಮತ್ತೆ ಕೂರ್ತಿದ್ದ ಜಾಗ ನೋಡ್ತಾ ನಿಂತ್ರು. 'ಆ ನೀರು ಆ ಹುಡುಗನಿಗೆ ಕೊಡ್ಬೇಕಿತ್ತು ಅಲ್ವೇನಮ್ಮ?' ಅಂದ್ರು. ಹೌದು ಮಾವ ಅಂದೆ. 'ಅವಳಿಗೂ ಊಟದ ಮಧ್ಯೆ ನೀರು ಬೇಕಾಗ್ತಿತ್ತು' ಅಂದ್ರು. ಕನ್ನಡಕ ತೆಗೆದು ಒರೆಸಿದ್ರು. ನಾನು ತಟ್ಟೆ ಹಾಕಿ ಅನ್ನ ಬಡಿಸಿದೆ, ಎದುರಿಗೆ ಕೂತು ಕೇಳಿಸ್ಕೊಂಡೆ. ಆಮೇಲೆ ಅಲ್ಲೇ ಕೂತ್ಕೊಂಡು ನಮ್ಮತ್ತೆ ಬಗ್ಗೆ ಮಾತಾಡಿದ್ರು, ಮಾತಾಡಿದ್ರು, ಅನ್ನ ತಣ್ಣಗಾಗೋ ತನಕ ಮಾತಾಡಿದ್ರು. ಕೊನೇಗೆ ಎದ್ದು ಕೈ ತೊಳೀತಾ ಕೇಳಿದ್ರು, 'ಮುಂದಿನ ನಾಟಕಕ್ಕೆ ಪ್ರಾಕ್ಟೀಸ್ ಎಷ್ಟೊತ್ತಿಗಮ್ಮ? ಮಗೂನ ನಾನು ನೋಡ್ಕೋತೀನಿ.'

ಅಷ್ಟೇ ಕಣೆ. ಬಾಯಿ ಎಲ್ರಿಗೂ ದೇವರು ಕೊಟ್ಟೇ ಕಳಿಸಿದಾನೆ, ಕಿವಿ ಮಾತ್ರ ನಾವೇ ಬೆಳೆಸ್ಕೋಬೇಕು. ನಾಳೆ ಬೇಗ ಹೋಗು, ಚಪ್ಪಲಿ ಸಾಲಾಗಿ ಬಿಡು. ಈಗ ಆ ಸಿಪ್ಪೆ ಎಲ್ಲ ತೆಗೆದು ಇಲ್ಲಿ ಗುಡಿಸು.