ದಸ್ತಗೀರಸಾಬರ ಕೊನೆ ಬಸ್ಸು

ಮಲಗುವ ಹೊತ್ತಿನಲ್ಲಿ ಇದನ್ನು ಹೇಳಬಾರದು. ಆದರೆ ಕೇಳಿದವರು ನೀವು. ಆಮೇಲೆ ನಿದ್ದೆ ಬರಲಿಲ್ಲ ಅಂತ ನನ್ನನ್ನು ಬೈಯಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳು ಹೇಮಾಗೆ ಆದದ್ದು. ಹೋದ ವರ್ಷ ಶ್ರಾವಣದ ಅಮಾವಾಸ್ಯೆ. ಅವಳು ಹಳೇ ಬಾವಿಯ ದಾರಿಯಲ್ಲಿ ಒಬ್ಬಳೇ ಮನೆಗೆ ಹೊರಟಿದ್ದಳು. ಮೊಬೈಲು ಸತ್ತುಹೋಗಿತ್ತು. ಕೈಯಲ್ಲಿ ಒಂದು ಕಡ್ಡಿಪೆಟ್ಟಿಗೆಯೂ ಇರಲಿಲ್ಲ...

ಶಿಗ್ಗಾವಿಯ ಹೊರಗೆ, ಹೆದ್ದಾರಿಯ ಮೂಡಣಕ್ಕೆ, ಹೊಲಗಳ ನಡುವೆ ಹೇಮಾ ಇರುವ ಓಣಿ. ಅಲ್ಲಿಯವರಿಗೆ ಹಗಲು ಹುಬ್ಬಳ್ಳಿ, ರಾತ್ರಿ ಶಿಗ್ಗಾವಿ. ಅವರ ಅಜ್ಜಂದಿರು ಚಕ್ಕಡಿಯಲ್ಲಿ ಹತ್ತಿ, ಮೆಣಸಿನಕಾಯಿ ಹೇರಿಕೊಂಡು ವರ್ಷಕ್ಕೊಮ್ಮೆ ಹುಬ್ಬಳ್ಳಿ ಕಂಡವರು. ಮೊಮ್ಮಕ್ಕಳು ದಿನಾ ಹೋಗಿ ದಿನಾ ಬರುತ್ತಾರೆ. ಒಬ್ಬಳು ಆಸ್ಪತ್ರೆಯಲ್ಲಿ ಆಯಾ, ಒಬ್ಬ ಗ್ಯಾರೇಜಿನಲ್ಲಿ ಮೇಸ್ತ್ರಿ, ನಮ್ಮ ಹೇಮಾ ಬಟ್ಟೆ ಅಂಗಡಿಯ ಕೌಂಟರಿನಲ್ಲಿ. ಊರಿನ ಜಾಸ್ತಿ ಮಾತುಕತೆ ನಡೆಯುವುದು ಊರಿನಲ್ಲಲ್ಲ, ಬಸ್ಸಿನಲ್ಲಿ. ಬಸುರಿಗೆ ಕುಪ್ಪಸದ ಶಾಸ್ತ್ರ ಬಸ್ಸಿನಲ್ಲಾಗಿದೆ, ಹೆಣ್ಣು ನೋಡಿದ್ದು ಬಸ್ಸಿನಲ್ಲಾಗಿದೆ. ಆಯುಧ ಪೂಜೆಯ ದಿನ ತಿಂಗಳ ಪಾಸಿನವರೆಲ್ಲ ಸೇರಿ ಬಸ್ಸಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಚಾಲಕನಿಗೆ ಹೊಸ ಟವೆಲ್ ಹೊದಿಸಿ, ಚುರುಮುರಿ ಹಂಚಿ ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು.

ಆ ಟವೆಲ್ ಬಹಳ ವರ್ಷ ಹೊದ್ದವರು ಸವಣೂರಿನ ದಸ್ತಗೀರಸಾಬರು. ಹುಬ್ಬಳ್ಳಿಯಿಂದ ಸವಣೂರಿಗೆ ಬರುವ ಕೊನೆ ಬಸ್ಸು ಅವರದು. ಮಾತು ಕಡಿಮೆ, ಸಿಟ್ಟು ಜಾಸ್ತಿ, ಚಿಲ್ಲರೆ ವಿಷಯಕ್ಕೂ ಹುಬ್ಬು ಗಂಟು. ಆದರೆ ಅವರದೊಂದು ಪದ್ಧತಿ ಇತ್ತು. ಆಲದಮರದ ಸ್ಟಾಪಿನಲ್ಲಿ ಹೆಣ್ಣುಮಕ್ಕಳು ಇಳಿದರೆ ಬಸ್ಸನ್ನು ಸ್ವಲ್ಪ ಓರೆ ಮಾಡಿ, ಹೆಡ್‌ಲೈಟನ್ನು ಮಣ್ಣಿನ ದಾರಿಗೆ ಬಿಟ್ಟು ನಿಲ್ಲುತ್ತಿದ್ದರು. ಇಳಿದವರು ಆ ಬೆಳಕಿನಲ್ಲಿ ಬಾವಿ ದಾಟಬೇಕು, ಬಾವಿಯ ಆಚೆಗಿನ ಮೋರಿ ದಾಟಬೇಕು, ದಾಟಿ ಹಿಂದಿರುಗಿ ನೋಡದೆ ಒಂದು ಕೈ ಎತ್ತಬೇಕು. ಆಗ ಒಂದೇ ಒಂದು ಸಣ್ಣ ಹಾರ್ನು... ಪೀಂ. ಬಸ್ಸು ಹೊರಡುತ್ತಿತ್ತು. ಕೈ ಏಳುವವರೆಗೆ ಒಳಗಿದ್ದವರು ಎಷ್ಟು ಗೊಣಗಿದರೂ ಗೇರು ಹಾಕಿದವರಲ್ಲ.

ಹೆದ್ದಾರಿ ಅಗಲವಾಯಿತು. ಆಲದಮರ ಕಡಿದರು, ಸ್ಟಾಪಿನ ಹೆಸರು ಮಾತ್ರ ಉಳಿಯಿತು. ಅದೇ ವರ್ಷ ದಸ್ತಗೀರಸಾಬರು ಒಂದು ರಾತ್ರಿ ಎದೆನೋವು ಬಂದು, ಬೆಳಗಾಗುವುದರೊಳಗೆ ತೀರಿಕೊಂಡರು. ಪಾಸಿನವರೆಲ್ಲ ರಜೆ ಹಾಕಿ ಸವಣೂರಿಗೆ ಮಣ್ಣಿಗೆ ಹೋಗಿದ್ದರು. ಹೇಮಾನೂ ಹೋಗಿದ್ದಳು, ಅವರ ಹೆಂಡತಿ ಮರಿಯಮಬಿಯ ಪಕ್ಕ ಕೂತು ಅತ್ತಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಮನುಷ್ಯ ಸತ್ತದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಆ ರಾತ್ರಿಗೆ ಬರೋಣ.

ಹೇಮಾಗೆ ಒಬ್ಬಳೇ ಮಗಳು, ಸುಧಾರಾಣಿ, ಇನ್ನೂ ಶಾಲೆಗೆ ಹಚ್ಚಿರಲಿಲ್ಲ. ಆ ಕೂಸಿಗೆ ದಮ್ಮು. ದಮ್ಮು ಎದ್ದರೆ ಬಾಯಿಗೆ ಔಷಧದ ಪಂಪು ಹಿಡಿಯಬೇಕು, ಇಲ್ಲದಿದ್ದರೆ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೇ ಪಂಪು ಮುಗಿಯುತ್ತ ಬಂದಿದೆಯೆಂದು ಹಿಂದಿನ ದಿನವೇ ಹೊಸದು ತಂದಿದ್ದಳು. ತಂದವಳು ಚೀಲದಿಂದ ತೆಗೆದಿಡಲು ಮರೆತು, ಬೆಳಿಗ್ಗೆ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿಬಿಟ್ಟಿದ್ದಳು. ಗಂಡ ಮಾಲತೇಶ ಲಾರಿ ತೆಗೆದುಕೊಂಡು ಗೋವಾಕ್ಕೆ ಹೋಗಿದ್ದ. ಓಣಿಗೆ ಓಣಿಯೇ ಹತ್ತಿಮತ್ತೂರಿನ ಮದುವೆಗೆ ಹೋಗಿ ಬಾಗಿಲಿಗೆಲ್ಲ ಬೀಗ. ಮನೆಯಲ್ಲಿ ಇದ್ದವರು ಕೂಸು ಮತ್ತು ಮಂಡಿನೋವಿನ ಅತ್ತೆ ಶಾರವ್ವ, ಇಬ್ಬರೇ.

ಬಸ್ಸು ತಡಸ ದಾಟಿದಾಗ ಶಾರವ್ವನ ಫೋನು ಬಂತು.

"ಹೇಮಾ... ಕರೆಂಟ್ ಇಲ್ಲ. ಪಂಪು ಒತ್ತಿದ್ರ ಬರೇ ಗಾಳಿ ಬರಾಕತ್ತೈತಿ. ಕೂಸಿನ ತುಟಿ ನೀಲಿ ಆಗಾಕತ್ತಾವು. ಲಗೂನ ಬಾರವ್ವ..."

ಹಿಂದೆ ಮಗಳ ಉಸಿರು ಕೇಳುತ್ತಿತ್ತು. ಸುಂಯ್... ಸುಂಯ್... ತೂತು ಬಿದ್ದ ಪೀಪಿ ಊದಿದ ಹಾಗೆ. ಅಷ್ಟರಲ್ಲಿ ಮೊಬೈಲು ಆರಿತು. ಪಂಪು ಇದ್ದದ್ದು ತನ್ನ ಮಡಿಲಿನ ಚೀಲದಲ್ಲಿ. ಹೇಮಾಗೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳಬೇಕು ಅನ್ನಿಸಿತಂತೆ.

ಆಲದಮರದ ಸ್ಟಾಪು ಈಗ ಮೇಲ್ಸೇತುವೆಯ ಕೆಳಗೆ. ಕೊನೆ ಬಸ್ಸು ಕೆಳಗಿಳಿಯುವುದಿಲ್ಲ. ಹೊಸ ಚಾಲಕ ಕೆಟ್ಟವನೇನಲ್ಲ, ಅವನಿಗೆ ಹಳೆಯದು ಗೊತ್ತಿಲ್ಲ ಅಷ್ಟೇ. ಅವಳು ಕೈಮುಗಿದದ್ದಕ್ಕೆ ಸೇತುವೆಯ ಮೇಲೆಯೇ ನಿಲ್ಲಿಸಿ ಇಳಿಸಿದ. ಹಿಂದೆ ಲಾರಿಗಳು ಬರುತ್ತಿದ್ದವು, ನಿಲ್ಲುವಂತಿರಲಿಲ್ಲ. ಬಾಗಿಲು ಧಡಕ್ ಅಂತ ಮುಚ್ಚಿತು. ಕೆಂಪು ದೀಪ ಸಣ್ಣದಾಗುತ್ತ ಹೋಗಿ... ಇಲ್ಲವಾಯಿತು. ಬಸ್ಸು ಹೋದದ್ದನ್ನು ಹೇಮಾ ಕಣ್ಣಾರೆ ಕಂಡಿದ್ದಾಳೆ. ನೆನಪಿಟ್ಟುಕೊಳ್ಳಿ.

ಸೇತುವೆಯ ಮಣ್ಣಿನ ಏರಿಯ ಮೇಲೆ ಕೂತು, ಜಾರಿ, ಕೆಳಗಿಳಿದಳು. ಕತ್ತಲು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎದುರಿಗಿದ್ದ ದಾರಿಯನ್ನು ರಸ್ತೆ ಕೆಲಸದವರು ಅಗೆದಿದ್ದರು. ಬಾವಿಯ ಕಟ್ಟೆ ಒಡೆದು, ಕಟ್ಟದೆ ಹಾಗೇ ಬಿಟ್ಟಿದ್ದರು. ಈಗ ಅದು ದಾರಿಯ ಮಗ್ಗುಲಲ್ಲಿ ಬಾಯಿ ತೆರೆದ ಗುಂಡಿ. ಹಗಲಲ್ಲೇ ಜನ ದೂರ ಸರಿದು ನಡೆಯುತ್ತಿದ್ದರು. ನಿಂತರೆ ಮಗಳು ಉಳಿಯುವುದಿಲ್ಲ, ನಡೆದರೆ ತಾನು ಉಳಿಯುವುದಿಲ್ಲ. ಹೇಮಾ ಕಾಲಿನಿಂದ ನೆಲ ತಡವುತ್ತ ಒಂದೊಂದೇ ಹೆಜ್ಜೆ ಇಟ್ಟಳು...

ಆಗ ಹಿಂದಿನಿಂದ ಬೆಳಕು ಬಿತ್ತು.

ಹಳದಿ ಬೆಳಕು. ಈಗಿನ ಗಾಡಿಗಳ ಕಣ್ಣು ಚುಚ್ಚುವ ಬಿಳಿ ಬೆಳಕಲ್ಲ. ಅವಳ ನೆರಳು ಉದ್ದಕ್ಕೆ ದಾರಿಯ ಮೇಲೆ ಬಿದ್ದುಕೊಂಡಿತು. ಯಾರೋ ಪುಣ್ಯಾತ್ಮರು, ಕಾರಿನವರು ಇರಬೇಕು ಅಂದುಕೊಂಡಳು. ಆಮೇಲೆ ಸದ್ದು ಕೇಳಿತು. ಡಗ್... ಡಗ್... ಡಗ್... ನಿಂತಲ್ಲೇ ಚಾಲೂ ಇರುವ ದೊಡ್ಡ ಇಂಜಿನ್ನು. ಅದರ ಮೇಲೆ ಸಡಿಲ ಕಿಟಕಿಯ ಗಾಜು, ಕಟಕಟ ಕಟಕಟ. ವರ್ಷಗಟ್ಟಲೆ ಆ ಗಾಜಿಗೆ ತಲೆ ಆನಿಸಿ ನಿದ್ದೆ ಮಾಡಿದವಳು ಅವಳು.

ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಬಿದ್ದುಬಿಡುತ್ತಿದ್ದೆ ಅನ್ನುತ್ತಾಳೆ. ಯಾರ ಬೆಳಕಾದರೇನು, ಮಗಳ ಹತ್ತಿರ ಮುಟ್ಟಿಸಿದರೆ ಸಾಕು ಅಂತ ಹಲ್ಲು ಕಚ್ಚಿ ನಡೆದಳು.

ಕಾಲಿಗೆ ಮೋರಿಯ ಸಿಮೆಂಟು ತಾಗಿತು. ತಾಗಿದ ಕೂಡಲೇ ಕೈ ತಾನಾಗಿ ಮೇಲೆದ್ದಿತು. ಎಷ್ಟು ವರ್ಷದ ರೂಢಿ! ಅವಳು ಎತ್ತಬೇಕು ಅಂತ ಎತ್ತಿದ್ದಲ್ಲ.

ಪೀಂ.

ಗೇರು ಬಿದ್ದಿತು... ಕಡಕ್. ಬೆಳಕು ಹೋಯಿತು.

ಆಮೇಲೆ ಹೊಳೆಯಿತು. ಹಳೇ ಮೋರಿ ಬಾವಿಯ ಆಚೆ. ಇದು ರಸ್ತೆ ಕೆಲಸದವರು ಮೊನ್ನೆ ಕಟ್ಟಿದ ಹೊಸ ಮೋರಿ, ಬಾವಿಯ ಈಚೆ. ಅವಳಿನ್ನೂ ಬಾವಿಯನ್ನು ದಾಟಿಯೇ ಇರಲಿಲ್ಲ. ಗಾಬರಿಯಲ್ಲಿ ನಾಲ್ಕು ಹೆಜ್ಜೆ ಓಡಿದಳು. ಕಾಲ ಕೆಳಗಿನ ಕಲ್ಲು ಜಾರಿತು. ಸದ್ದಿಲ್ಲ... ಸದ್ದಿಲ್ಲ... ಬಹಳ ಕೆಳಗೆ, ಡುಬುಕ್.

ಹೇಮಾ ಅಲ್ಲೇ ಕುಕ್ಕರಿಸಿದಳು. ಬಾವಿ ಎಡಕ್ಕೋ, ಬಲಕ್ಕೋ, ಎದುರಿಗೋ ತಿಳಿಯಲಿಲ್ಲ. ಜೀರುಂಡೆಗಳೂ ಸುಮ್ಮನಾಗಿದ್ದವು. ಮಗಳ ಆ ಸುಂಯ್ ಸುಂಯ್ ಮಾತ್ರ ಕಿವಿಯಲ್ಲಿ ನಿಂತಿತ್ತು. ಕೂಗಲು ಜೀವಂತ ಮನುಷ್ಯರು ಸುತ್ತ ಯಾರೂ ಇಲ್ಲ. ಇರುವವರು ಒಬ್ಬರೇ. ಅವರನ್ನು ಹೆಸರು ಹಿಡಿದು ಕರೆದರೆ ಏನಾಗುತ್ತದೋ ಅಂತ ಅಂಜಿದಳು. ಕೊನೆಗೆ ತಾಯಿಯ ಜೀವವೇ ಗೆದ್ದಿತು. ಪಿಸುಮಾತಿನಲ್ಲಿ ಹೇಳಿದಳು.

"ದಸ್ತಗೀರ ಕಾಕಾ... ಹೋಗಬ್ಯಾಡ್ರಿ. ನಾ ಇನ್ನ ದಾಟಿಲ್ಲರಿ. ತಪ್ಪಿ ಕೈ ಎತ್ತೇನಿ."

ಏನೂ ಇಲ್ಲ.

"ಕೂಸಿಗೆ ಉಸರು ಹತ್ತವಲ್ದರಿ, ಕಾಕಾ..."

ಕೀಂ... ಅಂತ ಬ್ರೇಕು ಎಳೆಯಿತು. ದೂರದಲ್ಲಲ್ಲ. ಬೆನ್ನ ಹಿಂದೆಯೇ. ಬೆಳಕು ಮತ್ತೆ ಬಿತ್ತು. ಈ ಸಲ ಎಷ್ಟು ಹತ್ತಿರವೆಂದರೆ ಇಂಜಿನ್ನಿನ ಬಿಸಿ ಬೆನ್ನಿಗೆ ತಾಗುತ್ತಿತ್ತು, ಡೀಸೆಲ್ಲಿನ ವಾಸನೆ ಮೂಗಿಗೆ ಬರುತ್ತಿತ್ತು. ಹೇಮಾ ಮೆಲ್ಲಗೆ ಎದ್ದು ನಿಂತು ಎದುರಿಗೆ ತನ್ನ ನೆರಳು ನೋಡಿಕೊಂಡಳು. ಕಾಲಿತ್ತು, ಸೊಂಟವಿತ್ತು, ಹೆಗಲಿನ ಚೀಲವಿತ್ತು. ತಲೆ ಇರಲಿಲ್ಲ. ತಲೆ ಬಿದ್ದಿದ್ದದ್ದು ಬಾವಿಯೊಳಗೆ.

ಪಕ್ಕಕ್ಕೆ ಸರಿದಳು. ಒಡೆದ ಕಲ್ಲುಗಳನ್ನು ಸುತ್ತು ಹಾಕಿದಳು. ಹಳೇ ಮೋರಿ ದಾಟಿ ಓಡಿದಳು, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಶಾರವ್ವ ಕೂಸನ್ನು ಎದೆಗೆ ಆನಿಸಿಕೊಂಡು ನೆಲದ ಮೇಲೆ ಕೂತಿದ್ದಳು. ಕಿಟಕಿಯಿಂದ ಬಂದ ಹಳದಿ ಬೆಳಕು ಗೋಡೆ ತುಂಬ ಬಿದ್ದಿತ್ತು. ಆ ಬೆಳಕಿನಲ್ಲೇ ಹೇಮಾ ಪಂಪಿನ ಮುಚ್ಚಳ ಕಿತ್ತು ಮಗಳ ಬಾಯಿಗೆ ಹಿಡಿದು ಒತ್ತಿದಳು. ಪುಸ್... ಕೂಸು ಎಳೆದುಕೊಳ್ಳಲಿಲ್ಲ. ಕೊರಳು ಜೋತುಬಿದ್ದಿತ್ತು. ಬೆನ್ನು ತಟ್ಟಿದಳು, ಹೆಸರು ಕರೆದಳು, ಮತ್ತೆ ಒತ್ತಿದಳು. ಆ ಹೊತ್ತಿನಲ್ಲಿ ಕಂಡ ದೇವರಿಗೆಲ್ಲ ಕೈಮುಗಿದೆ, ಕಾಣದಿದ್ದವರಿಗೂ ಮುಗಿದೆ ಅನ್ನುತ್ತಾಳೆ. ಬಹಳ ಹೊತ್ತಿನ ಮೇಲೆ... ಒಂದು ಉಸಿರು ಒಳಗೆ ಹೋಯಿತು. ಆಮೇಲೆ ಇನ್ನೊಂದು. ಕೂಸು ಸಣ್ಣಗೆ ಅತ್ತಿತು. ಅಷ್ಟು ಚೆಂದದ ಅಳು ತಾನು ಕೇಳಿಯೇ ಇರಲಿಲ್ಲವಂತೆ.

ಶಾರವ್ವ ಮೆಲ್ಲಗೆ ಕೇಳಿದಳು. "ಯಾರ ಗಾಡೀಲೆ ಬಂದಿ? ಲೈಟ್ ಆರಸಾಕ ಹೇಳಬಾರದ? ಪಾಪ, ಆವಾಗಿಂದ ನಿಂತಾರ."

"ಇರಲಿ ಬಿಡ್ರಿ ಅತ್ತಿ. ಅವರು... ನಮ್ಮವರ."

ಬಾಗಿಲಿಗೆ ಹೋಗಿ ಕೈ ಎತ್ತಬೇಕು ಅಂತ ಅವಳಿಗೂ ಗೊತ್ತಿತ್ತು. ಎತ್ತಲಿಲ್ಲ. ಬೆಳಕು ಹೋದರೆ ಮಗಳ ಉಸಿರೂ ಹೋದೀತೆಂಬ ಭಯ. ಕಿಟಕಿಗೆ ಬೆನ್ನು ಮಾಡಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬೆಳಗಾಗುವ ತನಕ ಕೂತಳು. ಇಂಜಿನ್ನು ಡಗ್ ಡಗ್ ಅನ್ನುತ್ತಲೇ ಇತ್ತು. ಯಾವಾಗ ನಿಂತಿತೋ, ಆ ಬೆಳಕು ಯಾವಾಗ ಬೆಳಗಿನ ಬೆಳಕಾಯಿತೋ ತಿಳಿಯಲಿಲ್ಲ. ದುಡಿದು ದಣಿದು ಸತ್ತ ಮನುಷ್ಯನನ್ನು ರಾತ್ರಿಯಿಡೀ ನಿಲ್ಲಿಸಿಕೊಂಡೆನಲ್ಲ ಅಂತ ಇವತ್ತಿಗೂ ಅಳುತ್ತಾಳೆ.

ಸುದ್ದಿ ತಿಳಿದು ನಾನು ಮಾರನೇ ಬೆಳಿಗ್ಗೆಯೇ ಹೋದೆ. ಕೂಸು ಅಂಗಳದಲ್ಲಿ ಚಹಾದಲ್ಲಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಿತ್ತು. ಹಳೇ ಸ್ಟಾಪಿನ ಜಾಗವನ್ನೂ ನೋಡಿಬಂದೆ. ಅಲ್ಲೀಗ ಸೇತುವೆಯ ಏರಿ, ಮಣ್ಣಿನ ಗುಡ್ಡ. ಬಸ್ಸು ಹಾಗಿರಲಿ, ಒಂದು ಎಮ್ಮೆ ನಿಲ್ಲಲೂ ಜಾಗವಿಲ್ಲ. ಟಯರಿನ ಗುರುತೂ ಇಲ್ಲ. ಹೆದರಿದ ಹೆಣ್ಣುಮಗಳು ಏನೇನೋ ಕಂಡಿದ್ದಾಳೆ ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ತಿರುಗಿ ಬರುತ್ತಿದ್ದೆ.

ದಾರಿಯಲ್ಲಿ ಅಜ್ಜಪ್ಪ ಅಂತ ಒಬ್ಬ ರೈತ ತನ್ನ ಹೊಲದ ಬದುವಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ಬೀಜದಂಗಡಿಯವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಏನಾಯಿತು ಅಂತ ಹೊಲದ ಕಡೆ ನೋಡಿದೆ. ಸೂರ್ಯಕಾಂತಿ ಹಾಕಿದ್ದ, ಆಗಷ್ಟೇ ಮೊಗ್ಗು ಬಿರಿಯುತ್ತಿತ್ತು. ಹೊತ್ತು ಮೂಡಿ ಮಾರುದ್ದ ಮೇಲೆ ಬಂದಿತ್ತು. ಇಡೀ ಹೊಲ, ಒಂದು ಗಿಡವನ್ನೂ ಬಿಡದೆ, ಸೂರ್ಯನಿಗೆ ಬೆನ್ನು ಮಾಡಿ ಆ ಏರಿಯ ಕಡೆ ಮುಖ ಮಾಡಿಕೊಂಡು ನಿಂತಿತ್ತು. ಅಜ್ಜಪ್ಪ ಇನ್ನೂ ಬದುಕಿದ್ದಾನೆ, ಬೇಕಾದರೆ ಹೋಗಿ ಕೇಳಿ.