ಮುನ್ನೂರನೇ ದಿನ

ನಾನು, ವಯಸ್ಸು ನಲವತ್ನಾಲ್ಕು, ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ ಆರು ವರ್ಷಗಳಿಂದ ಸುರಕ್ಷತಾ ಅಧಿಕಾರಿ, ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ವಾಸ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಗೇಟಿನ ಒಳಗೆ ಎಡಗಡೆ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕವಿದೆ. ಅಂಕಿಗಳು ತಗಡಿನವು, ಮೊಳೆಗೆ ತೂಗುಹಾಕುವಂಥವು. ದಿನವೂ ಬೆಳಿಗ್ಗೆ 8.45ಕ್ಕೆ ಅವನ್ನು ಬದಲಿಸುವವಳು ನಾನು. ಯಂತ್ರದಿಂದ ಯಾರಿಗಾದರೂ ಗಾಯವಾದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಈ ತಿಂಗಳ 5ರಂದು, ಸೋಮವಾರ, ಫಲಕದಲ್ಲಿ 291 ಇತ್ತು. 11.20ಕ್ಕೆ, ರಟ್ಟು ಕತ್ತರಿಸುವ ಯಂತ್ರ ನಡೆಸುವ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ನನ್ನ ಕೋಣೆಗೆ ಬಂದರು. ಬಲಗೈ ತೋರುಬೆರಳು ಯಂತ್ರಕ್ಕೆ ಸಿಕ್ಕಿ ಉಗುರು ಕಪ್ಪಗಾಗಿತ್ತು. ಯಂತ್ರದ ಜಾಲರಿ ಬಾಗಿಲು ತೆಗೆದರೆ ಯಂತ್ರ ತಾನಾಗಿ ನಿಲ್ಲಬೇಕು. ಕೆಲಸ ಬೇಗ ಸಾಗಲೆಂದು ಮ್ಯಾನೇಜರ್ ಅದರ ಸ್ವಿಚ್ಚಿಗೆ ತಂತಿ ಕಟ್ಟಿಸಿದ್ದಾರೆ, ಈಗ ನಿಲ್ಲುವುದಿಲ್ಲ ಎಂದರು. ‘ಅದಕ್ಕೇನು ಕಣ್ಣಿದ್ಯಾ ಮೇಡಂ, ರಟ್ಟೂ ಒಂದೇ ಕೈಯೂ ಒಂದೇ’ ಎಂದು ನಕ್ಕರು. ನಾನೂ ನಕ್ಕೆ.

ಮ್ಯಾನೇಜರ್‌ಗೆ ಫೋನು ಮಾಡಿದೆ. ಮುನ್ನೂರನೇ ದಿನ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬರುತ್ತಾರೆ, ಅಷ್ಟರೊಳಗೆ ತಂತಿ ಬಿಚ್ಚಿಸುತ್ತೇನೆ ಎಂದರು. ‘ಉಗುರು ಮತ್ತೆ ಬೆಳೆಯುತ್ತೆ ಮೇಡಂ, ಬೋರ್ಡು ಬೆಳೆಸೋಕೆ ಹತ್ತು ತಿಂಗಳು ಹಿಡೀತು’ ಎಂದರು.

ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ‘ಊಟದ ಕೋಣೆಯ ಬಾಗಿಲಿಗೆ ಬೆರಳು ಸಿಕ್ಕಿದ್ದು’ ಎಂದು ಬರೆದೆ. ದೊಡ್ಡಕ್ಕ ಅದನ್ನು ಓದಿದರು. ನನ್ನಿಂದ ನಿಮಗೆ ತೊಂದರೆ ಬೇಡ ಬಿಡಿ ತಾಯಿ ಎಂದು ಅದೇ ಕೈಯಲ್ಲಿ ಸಹಿ ಮಾಡಿದರು. ಯಂತ್ರ ನಿಲ್ಲಿಸುವ ಅಧಿಕಾರ ನನಗಿತ್ತು. ನಿಲ್ಲಿಸಲಿಲ್ಲ. ಹೆದರಿದೆನೋ, ಒಂಬತ್ತೇ ದಿನ ತಾನೇ ಎಂದುಕೊಂಡೆನೋ, ಈಗಲೂ ಖಚಿತವಾಗಿ ಹೇಳಲಾರೆ.

14ರಂದು, ಬುಧವಾರ, 8.45ಕ್ಕೆ ನಾನು 300 ತೂಗುಹಾಕುತ್ತಿದ್ದಾಗ ದೊಡ್ಡಕ್ಕ ಗೇಟಿನೊಳಗೆ ಬಂದು, ತಂತಿ ಬಿಚ್ಚಿಸಿದ್ರಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ಆಗಿದೆ ಅಕ್ಕ, ಹೋಗಿ ಎಂದೆ.

10.05ಕ್ಕೆ ಯಂತ್ರದೊಳಗೆ ರಟ್ಟು ಸಿಕ್ಕಿಕೊಂಡಿತು. ಅವರು ಬಾಗಿಲು ತೆಗೆದು ಕೈ ಹಾಕಿದರು. ನಾನು ಇಪ್ಪತ್ತು ಅಡಿ ದೂರದಲ್ಲಿ ಗಿರಾಕಿಗಳಿಗೆ ಹೆಲ್ಮೆಟ್ ಹಂಚುತ್ತಿದ್ದೆ. ಬಲಗೈಯ ನಾಲ್ಕು ಬೆರಳು ಹೋದವು. ದೊಡ್ಡಕ್ಕ ಕೂಗಲಿಲ್ಲ. ರಟ್ಟಿಗೆ ರಕ್ತ ಹತ್ತಿದೆ, ಇದನ್ನ ಬೇರೆ ಇಡು ಎಂದು ಪಕ್ಕದವಳಿಗೆ ಹೇಳಿದರು.

11.40ಕ್ಕೆ ಆಸ್ಪತ್ರೆಯ ಮೆಟ್ಟಿಲ ಬಳಿ ಮ್ಯಾನೇಜರ್, ತಂತಿ ಕಟ್ಟಿಕೊಂಡಿದ್ದು ದೊಡ್ಡಕ್ಕನೇ ಎಂದು ವರದಿ ಬರೆಯಲು ಹೇಳಿದರು. ಆಗಲ್ಲ ಎಂದೆ. ‘ಉಗುರಿನ ಕಥೆ ಬರೆದೋರು ನೀವೇ ಅಲ್ವಾ, ಇದೇನು ಹೊಸದಾ?’ ಎಂದರು.

ಇಂದು 8.45ಕ್ಕೆ ಫಲಕದ ಮುಂದೆ ನಿಂತೆ. ಸೊನ್ನೆ ಹುಡುಕಬೇಕಾಗಿರಲಿಲ್ಲ, 300ರಲ್ಲಿ 3ರ ತಗಡನ್ನು ತೆಗೆದರೆ ಸಾಕಿತ್ತು. ತೆಗೆದೆ. ಆ ತಗಡನ್ನೂ ಪ್ರಥಮ ಚಿಕಿತ್ಸೆಯ ಪುಸ್ತಕವನ್ನೂ ಇಲ್ಲಿ ಹಾಜರುಪಡಿಸಿದ್ದೇನೆ. ತಂತಿ ಕಟ್ಟಿದವರು ದೊಡ್ಡಕ್ಕ ಅಲ್ಲ. ಪುಸ್ತಕದ 62ನೇ ಪುಟದಲ್ಲಿರುವ ಸಹಿ ಅವರದು. ಅದರ ಮೇಲಿನ ಸಾಲು ನನ್ನದು, ಅದು ಸುಳ್ಳು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನೂ ಒಮ್ಮೆ ಓದಿಕೊಂಡೆ. ಇದರಲ್ಲಿರುವುದು ನಿಜ.

ಸ್ಥಳ: ಠಾಣೆ
ದಿನಾಂಕ: 15, ಗುರುವಾರ, ಬೆಳಿಗ್ಗೆ 9.50
ಸಹಿ/-